ಎಐ ಉತ್ತರವನ್ನು ಪರೀಕ್ಷಿಸುವುದನ್ನೂ ಶಾಲೆಗಳಲ್ಲಿ ಕಲಿಸಲಿ

ಮಾನ್ಯ ಸಂಪಾದಕರೇ,

ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಕುರಿತು ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬ ಚಾಟ್‌ಜಿಪಿಟಿ ಎಂಬ ಎಐ (ಕೃತಕ ಬುದ್ಧಿಮತ್ತೆ) ತಂತ್ರಾಂಶದಿಂದ ಬರೆಸಿಕೊಂಡಿದ್ದ ಪ್ರಬಂಧವನ್ನು ಈಚೆಗೆ ಓದಿದೆ. ಕಾಗುಣಿತದ ಒಂದು ತಪ್ಪೂ ಅದರಲ್ಲಿರಲಿಲ್ಲ. ಆದರೆ 1930ರ ಏಪ್ರಿಲ್‌ನಲ್ಲಿ ಗಾಂಧೀಜಿಯವರೇ ಅಂಕೋಲೆಗೆ ಬಂದು ಉಪ್ಪು ತಯಾರಿಸಿದರೆಂದು ಬರೆದಿತ್ತು. ಆ ತಿಂಗಳು ಅವರು ಗುಜರಾತಿನ ದಂಡಿಯ ಆಸುಪಾಸಿನಲ್ಲಿದ್ದರು. ಆ ಪ್ರಬಂಧಕ್ಕೆ ಶಾಲೆಯಲ್ಲಿ ಪೂರ್ಣ ಅಂಕ ದೊರೆತಿದೆ.

ಇಂತಹ ತಂತ್ರಾಂಶಗಳು ತಾವು ಕಲಿತ ಅಪಾರ ಬರಹದ ಆಧಾರದ ಮೇಲೆ ಮುಂದಿನ ಪದ ಯಾವುದಿರಬಹುದೆಂದು ಲೆಕ್ಕ ಹಾಕುತ್ತ ವಾಕ್ಯ ಹೆಣೆಯುತ್ತವೆ. ಉಪ್ಪಿನ ಸತ್ಯಾಗ್ರಹದ ಮಾತು ಬಂದಲ್ಲೆಲ್ಲ ಗಾಂಧೀಜಿಯವರ ಹೆಸರಿರುತ್ತದೆ, ಅಂಕೋಲೆಯ ಹೆಸರು ಅಪರೂಪ. ಯಂತ್ರ ಎರಡನ್ನೂ ಜೋಡಿಸಿಬಿಟ್ಟಿರಬೇಕು. ಅಂತರ್ಜಾಲದಲ್ಲಿ ಕನ್ನಡದ ಬರಹ, ಅದರಲ್ಲೂ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕುರಿತಾದದ್ದು, ಕಡಿಮೆ ಇರುವುದರಿಂದ ಇಂತಹ ಎಡವಟ್ಟುಗಳ ಸಂಭವ ನಮಗೇ ಹೆಚ್ಚು.

ಹಾಗೆಂದು ಮಕ್ಕಳ ಕೈಯಿಂದ ಮೊಬೈಲ್ ಕಸಿದುಕೊಂಡರೆ ಪ್ರಯೋಜನವಿಲ್ಲ, ಅದು ಆಗುಹೋಗುವ ಮಾತೂ ಅಲ್ಲ. ಶಿರಸಿ, ಸಿದ್ದಾಪುರ ಭಾಗದ ತೋಟಿಗರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣದ ಅಳತೆಯಲ್ಲಿ ಮಾಡಿದ ಮೇಲೂ ಕಬ್ಬಿಣದ ಕತ್ತಿ ಅದ್ದಿ ನೋಡುತ್ತಾರೆ. ಅಲಗಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದೆಂದರ್ಥ. ಅಳತೆ ಸರಿಯಿದೆಯೆಂದು ನೇರವಾಗಿ ಅಡಿಕೆ ಗೊನೆಗೆ ಹೊಡೆಯುವುದಿಲ್ಲ. ಎಐ ಕೊಟ್ಟ ಉತ್ತರಕ್ಕೂ ಇಂತಹದೊಂದು ಪರೀಕ್ಷೆ ಬೇಕು. ಔಷಧದ ಪ್ರಮಾಣವನ್ನೇ ಈಗ ಅದರ ಬಳಿ ಕೇಳುವವರಿರುವಾಗ ಇದು ಮಕ್ಕಳಿಗಷ್ಟೇ ಸೀಮಿತವಾದ ವಿಷಯವೂ ಅಲ್ಲವೆನ್ನಿ.

ಸಿಬಿಎಸ್‌ಇ 2019ರಲ್ಲೇ ಒಂಬತ್ತನೇ ತರಗತಿಗೆ ಎಐ ಅನ್ನು ಐಚ್ಛಿಕ ವಿಷಯವಾಗಿ ತಂದಿತು. ಯುನೆಸ್ಕೊ 2024ರಲ್ಲಿ ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಬೇಕಾದ ಎಐ ಸಾಮರ್ಥ್ಯಗಳ ಚೌಕಟ್ಟುಗಳನ್ನು ಪ್ರಕಟಿಸಿದೆ. ನಮ್ಮ ಕನ್ನಡ ಶಾಲೆಗಳು ಹೊಸ ಪಠ್ಯಕ್ಕಾಗಿ ಕಾಯಬೇಕಿಲ್ಲ. ಊರಿನ ವಿಷಯವೊಂದರ ಮೇಲೆ ಎಐ ಕೊಟ್ಟ ಉತ್ತರವನ್ನು ತರಗತಿಯಲ್ಲೇ ಓದಿಸಿ, ಗ್ರಂಥಾಲಯದ ಜಿಲ್ಲಾ ಗ್ಯಾಸೆಟಿಯರ್, ಹಳೆಯ ಪತ್ರಿಕೆ, ತಿಳಿದ ಹಿರಿಯರು ಇವುಗಳೊಂದಿಗೆ ತಾಳೆ ನೋಡಿಸಿ, ತಪ್ಪು ಹುಡುಕಿದ್ದಕ್ಕೆ ಅಂಕ ಕೊಡಬಹುದು. ಎಐ ನೆರವು ಎಲ್ಲಿ ಪಡೆದೆ ಎಂಬುದನ್ನು ಪ್ರಬಂಧದ ಕೊನೆಯಲ್ಲಿ ಬರೆಯಿಸಬೇಕು. ಗೆಳೆಯರ ಫೋಟೊ, ಮನೆಯವರ ಆಧಾರ್ ವಿವರಗಳನ್ನು ಅದಕ್ಕೆ ಕೊಡಕೂಡದೆಂದೂ ತಿಳಿಹೇಳಬೇಕು.

ಇದಕ್ಕೆ ಮೊದಲು ಶಿಕ್ಷಕರಿಗೇ ತರಬೇತಿ ಬೇಕು. ಕಾರವಾರ ಹಾಗೂ ಶಿರಸಿ ಶೈಕ್ಷಣಿಕ ಜಿಲ್ಲೆಗಳ ಉಪನಿರ್ದೇಶಕರು ಬೇಸಿಗೆ ರಜೆ ಮುಗಿಯುವುದರೊಳಗೆ ಸಮಾಜ ವಿಜ್ಞಾನ ಮತ್ತು ಕನ್ನಡ ಶಿಕ್ಷಕರಿಗಾದರೂ ಇದನ್ನು ಏರ್ಪಡಿಸಬೇಕೆಂದು ಕೋರುತ್ತೇನೆ.

– ಓರ್ವ ಪಾಲಕ, ಶಿರಸಿ