ಬಾವಿ ಕೆಡುವ ಮೊದಲೇ ನೀರಿನ ಲೆಕ್ಕ ಬರೆದಿಡಿ

ಸಂಪಾದಕರಿಗೆ ನಮಸ್ಕಾರ,

ಕಳೆದ ಏಪ್ರಿಲ್‌ನಲ್ಲಿ ಪಕ್ಕದ ಮನೆಯವರ ಬೋರ್‌ವೆಲ್ ಬತ್ತಿತು. ಹೊಸದು ಕೊರೆಸಲು ದುಡ್ಡು ಜಾಸ್ತಿ ಅಂತ ಅವರು ಹೈಡ್ರೋ ಫ್ರ್ಯಾಕ್ಚರಿಂಗ್ ಮಾಡಿಸಿದರು. ಲಾರಿ ಬಂತು. ಬೋರಿನೊಳಗೆ ರಬ್ಬರಿನ ಬಿರಡೆಯಂಥದ್ದು ಇಳಿಸಿ, ಅದರ ಕೆಳಗೆ ಭಾರೀ ಒತ್ತಡದಲ್ಲಿ ನೀರು ನುಗ್ಗಿಸಿದರು. ಬಂಡೆಯ ಸೀಳಿನಲ್ಲಿ ಕಟ್ಟಿಕೊಂಡ ಮಣ್ಣು ಕಿತ್ತುಬಂದು ಒರತೆ ಬಿಡಬೇಕು, ಅಷ್ಟೇ ಉಪಾಯ.

ಮರುದಿನ ಬೆಳಿಗ್ಗೆ ನಮ್ಮ ಬಾವಿಯಿಂದ ಸೇದಿದ ನೀರು ಹಾಲು ಹಾಕದ ಕಣ್ಣ ಚಹಾದ ಬಣ್ಣಕ್ಕಿತ್ತು. ಬಟ್ಟೆ ಕಟ್ಟಿ ಸೋಸಿದರೂ ನಾಲ್ಕು ದಿನ ಗಂಜಿಯಲ್ಲಿ ಮಣ್ಣಿನ ವಾಸನೆ. ಲಾರಿಯವರಿಗೆ ಫೋನ್ ಮಾಡಿದೆ. "ಮೇಡಂ, ಮೊದಲು ನೀರು ಒಳ್ಳೆಯದಿತ್ತು ಅಂತ ನಿಮ್ಮತ್ರ ರಿಪೋರ್ಟ್ ಉಂಟಾ?" ಎಂದರು. ಇರಲಿಲ್ಲ. ಇಪ್ಪತ್ತೆಂಟು ವರ್ಷ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳ ಹತ್ತಿರ ತನ್ನ ಬಾವಿಯದ್ದೇ ಒಂದು ರಿಪೋರ್ಟ್ ಇಲ್ಲ! ಅದೇ ವಾರ ಒಂದು ಜೋರು ಮಳೆಯೂ ಬಂದಿತ್ತು. ನೀರು ಯಾವುದರಿಂದ ಕಲಕಿತು ಅಂತ ಇವತ್ತಿಗೂ ಆಣೆ ಹಾಕಿ ಹೇಳಲಾರೆ. ಆ ನೀರಿನ ಒಂದು ಬಾಟಲಿ ಅಡುಗೆಮನೆ ಕಿಟಕಿಯಲ್ಲಿದೆ. ಪಕ್ಕದಲ್ಲಿಟ್ಟು ಹೋಲಿಸಲು ಹಿಂದಿನ ವಾರದ ಬಾಟಲಿ ಇಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಮಗಳಿಗೆ ಹೇಳಿದಾಗ "ಅಮ್ಮ, ಇಲ್ಲಿ ಗ್ಯಾಸ್ ಕಂಪನಿಗಳ ಜೊತೆ ಜಗಳವೂ ಇದೇ" ಎಂದಳು. ಅಲ್ಲಿಯೂ ಹೆಸರು ಹೈಡ್ರಾಲಿಕ್ ಫ್ರ್ಯಾಕ್ಚರಿಂಗ್, ಆದರೆ ಕೆಲಸ ಬೇರೆ. ಇಲ್ಲಿ ಬರೀ ನೀರು, ಕೆಲವು ನೂರು ಅಡಿ. ಅಲ್ಲಿ ಶೇಲ್ ಎಂಬ ಪದರ ಪದರದ ಕಲ್ಲಿನಿಂದ ಗ್ಯಾಸು, ಎಣ್ಣೆ ಬಿಡಿಸಲು ಸಾವಿರಾರು ಅಡಿ ಆಳಕ್ಕೆ ನೀರು, ಮರಳು, ರಾಸಾಯನಿಕ ಸೇರಿಸಿ ನುಗ್ಗಿಸುತ್ತಾರೆ. 2011ರಿಂದ 2013ರ ಲೆಕ್ಕದಂತೆ ಅಂಥ ಒಂದೊಂದು ಬಾವಿಗೆ ಸಾಧಾರಣ 57 ಲಕ್ಷ ಲೀಟರ್ ನೀರು. ಅಂದರೆ ನಮ್ಮೂರಿಗೆ ಬರುವ 6,000 ಲೀಟರಿನ ಟ್ಯಾಂಕರ್ 950 ಸಲ ಬರಬೇಕು!

ಇದರಿಂದ ಕುಡಿಯುವ ನೀರು ಕೆಡುತ್ತದೆಯೇ ಅಂತ ಅಮೆರಿಕದ ಪರಿಸರ ಸಂಸ್ಥೆ ಇಪಿಎ 2010ರಲ್ಲಿ ಅಧ್ಯಯನಕ್ಕೆ ಇಳಿಯಿತು. 2015ರ ಜೂನ್‌ನ ಕರಡಿನಲ್ಲಿ, ನೀರಿಗೆ ವ್ಯಾಪಕ ತೊಂದರೆಯಾದ ಪುರಾವೆ ಸಿಗಲಿಲ್ಲ ಎಂದು ಬರೆಯಿತು. ಅದರದ್ದೇ ವಿಜ್ಞಾನ ಸಲಹಾ ಮಂಡಳಿ ಬಿಡಲಿಲ್ಲ, ಈ ಮಾತಿಗೆ ಅಂಕಿಅಂಶದ ಆಧಾರ ಎಲ್ಲಿ ಎಂದು ಕೇಳಿತು. 2016ರ ಡಿಸೆಂಬರ್‌ನ ಅಂತಿಮ ವರದಿಯಲ್ಲಿ ಆ ಸಾಲೇ ಇಲ್ಲ. ರಾಸಾಯನಿಕ ಚೆಲ್ಲಿದರೆ, ಕೊಳವೆ ಸುತ್ತಲಿನ ಸಿಮೆಂಟ್ ಸರಿ ಇಲ್ಲದಿದ್ದರೆ, ವಾಪಸ್ ಬಂದ ಕೊಳೆನೀರನ್ನು ಬರೀ ಮಣ್ಣಿನ ಗುಂಡಿಗೆ ಬಿಟ್ಟರೆ ನೀರು ಕೆಡಬಹುದು ಎಂದಿತು. ದೇಶದಲ್ಲಿ ಎಷ್ಟು ಕಡೆ ಹೀಗಾಗಿದೆ? ಅದನ್ನು ಹೇಳಲು ಸಾಕಷ್ಟು ಮಾಹಿತಿ ಇಲ್ಲ ಎಂದೂ ಒಪ್ಪಿಕೊಂಡಿತು.

ಕೊರೆಯುವ ಮೊದಲೇ ಹೋಗಿ ನೀರು ಪರೀಕ್ಷಿಸಿ, ಕೊರೆದ ಮೇಲೆ ಮತ್ತೆ ನೋಡುವ ಯೋಜನೆ ಇಪಿಎ ಹತ್ತಿರ ಇತ್ತು. ಅದು ಕೊನೆಗೂ ನಡೆಯಲಿಲ್ಲ. ಲ್ಯಾಬಿನಲ್ಲಿ ಅಳತೆ ಕೊಳವೆಯ, ಅಂದರೆ ಬ್ಯೂರೆಟ್ಟಿನ, ಮೊದಲ ರೀಡಿಂಗ್ ಬರೆದುಕೊಳ್ಳದೆ ಟೈಟ್ರೇಷನ್ ಪ್ರಯೋಗ ಮಾಡಿದ ಹುಡುಗರಿಗೆ ನಾನು ಮಾರ್ಕು ಕೊಡುತ್ತಿರಲಿಲ್ಲ, ಸ್ವಾಮಿ!

ಪೆನ್ಸಿಲ್ವೇನಿಯಾದ 2012ರ ಕಾನೂನು ನನಗೆ ಹಿಡಿಸಿತು. ಶೇಲ್ ಗ್ಯಾಸಿನ ಬಾವಿಯಿಂದ 2,500 ಅಡಿ ಒಳಗೆ, ಕೆಲಸ ಮುಗಿದು 12 ತಿಂಗಳೊಳಗೆ ಕುಡಿಯುವ ನೀರು ಕೆಟ್ಟರೆ ತಪ್ಪು ಕಂಪನಿಯದ್ದೇ ಅಂತ ಇಟ್ಟುಕೊಳ್ಳುತ್ತಾರೆ. ಅಲ್ಲ ಎನ್ನುವುದಾದರೆ ಕಂಪನಿಯೇ ಸಾಬೀತು ಮಾಡಬೇಕು. ಹಾಗಾಗಿ ಕಂಪನಿಯವರೇ ಮೊದಲು ಬಂದು ಮನೆಮನೆಯ ನೀರು ತೆಗೆದು ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ರಿಪೋರ್ಟ್ ಉಂಟಾ ಅಂತ ಕೇಳಿಸಿಕೊಳ್ಳುವ ಸರದಿ ಅವರದ್ದು.

ನಮ್ಮ ಕರಾವಳಿಯ ಬಂಡೆಯಲ್ಲಿ ಶೇಲ್ ಗ್ಯಾಸ್ ಇಲ್ಲ, ಆ ಹೆದರಿಕೆ ಬೇಡ. ಆದರೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಾವಿಗೆ ನೀರೂ ಬೇಗ ಇಳಿಯುತ್ತದೆ, ಕೊಳೆಯೂ ಬೇಗ ಇಳಿಯುತ್ತದೆ. ಜಲಜೀವನ್ ಮಿಷನ್‌ನಲ್ಲಿ ಪಂಚಾಯತ್‌ಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಊರಿನ ಹೆಂಗಸರಿಗೆ ತರಬೇತಿಯೂ ಇದೆ. ಅದನ್ನು ನಲ್ಲಿ ನೀರಿಗೆ ಮಾತ್ರ ಇಟ್ಟುಕೊಳ್ಳದೆ ಮನೆ ಬಾವಿಗಳಿಗೂ ಬಳಸಲಿ. ಮೇ ತಿಂಗಳಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಸಾಕು. ಬೋರಿನ ಲಾರಿ ಬರುವುದಿದ್ದರೆ ಅಕ್ಕಪಕ್ಕದ ಬಾವಿಗಳ ನೀರು ಮೊದಲೇ ನೋಡಿ ಪುಸ್ತಕದಲ್ಲಿ ಬರೆದಿಡಲಿ. ಆ ಪುಸ್ತಕ ಯಾರು ಕೇಳಿದರೂ ಸಿಗುವಂತಿರಲಿ.

ನಾನಂತೂ ಈ ಮೇನಲ್ಲಿ ಲ್ಯಾಬಿಗೆ ನೀರು ಕೊಟ್ಟು ರಿಪೋರ್ಟ್ ಮಾಡಿಸಿ, ಜಾಗದ ಆರ್‌ಟಿಸಿ ಜೊತೆ ಕಪಾಟಿನಲ್ಲಿಟ್ಟೆ. ಬೋರಿನ ಮನೆಯವರೂ ಮೊನ್ನೆ ಬಾಟಲಿ ಹಿಡಿದುಕೊಂಡು ಬಂದರು, "ನಮ್ಮದೂ ಒಂದು ಕೊಡ್ತೀರಾ ಅಕ್ಕ" ಅಂತ.

- ನಿವೃತ್ತ ಉಪನ್ಯಾಸಕಿ, ಶಿರ್ವ, ಉಡುಪಿ ಜಿಲ್ಲೆ