ಬೇಡ ಎಂದವರಿಗೆಲ್ಲ ವಂದನೆ

ಅಳಿಲು ಮರಿ ಮರ ಸೇರಿತು. ಕೆಲವು ದಿನ ಹಣ್ಣಿನ ತಟ್ಟೆಗೆ ಬಂದುಹೋಗುತ್ತಿತ್ತು, ಈಗ ಅದೂ ನಿಂತಿದೆ. "ಮರಿ ಹೇಗಿದೆ?" ಅಂತ ದಿನವೂ ವಿಚಾರಿಸುತ್ತಿದ್ದವರಿಗೆಲ್ಲ ಒಟ್ಟಿಗೇ ಹೇಳಿಬಿಡೋಣ ಅಂತ ಇದನ್ನು ಬರೆಯುತ್ತಿದ್ದೇನೆ. ಋಣವೂ ಬಹಳ ಇದೆ. ಯಾರ್‍ಯಾರಿಗೆ ಅಂತ ಯೋಚಿಸುತ್ತಾ ಹೋದರೆ, ಹೆಚ್ಚಿನವರು "ಹಾಗೆ ಮಾಡಬೇಡಿ" ಎಂದು ನನ್ನನ್ನು ತಡೆದವರೇ.

ಮೊದಲು ಪ್ರಾಣಿ ರಕ್ಷಣಾ ಕೇಂದ್ರದ ಅಕ್ಕನಿಗೆ. ಮರ ಕಡಿಯುವಾಗ ಗೂಡು ಸಮೇತ ಬಿದ್ದ ಮರಿ ಅದು. ಯಾರೋ ಕನಿಕರಪಟ್ಟು ಹಸುವಿನ ಹಾಲು, ಬಿಸ್ಕತ್ತು ತಿನ್ನಿಸಿ ಸಾಕಿದ್ದರು. ತಾಯಿಗೆ ಮರಳಿಸುವ ಕಾಲ ಮೀರಿತ್ತು. ಕೇಂದ್ರದಲ್ಲಿ ಜಾಗವಿರಲಿಲ್ಲ, ಹಾಗಾಗಿ ಅವರ ಉಸ್ತುವಾರಿಯಲ್ಲೇ ನಮ್ಮ ಮನೆಗೆ ಬಂತು. ಬಂದಾಗ ಭೇದಿ, ಉಸಿರಿನಲ್ಲಿ ಗೊರಗೊರ, ಮುಟ್ಟಿದರೆ ತಣ್ಣಗೆ. ಹಾಲು ಬೆರೆಸಲು ಹೊರಟವಳನ್ನು ಅಕ್ಕ ಫೋನಿನಲ್ಲೇ ನಿಲ್ಲಿಸಿದರು. "ಈಗಲೇ ಏನೂ ಕುಡಿಸಬೇಡಿ, ಮೈ ಬೆಚ್ಚಗಾಗಲಿ." ಮೈ ತಣ್ಣಗಿದ್ದರೆ ಹೊಟ್ಟೆ ಕೆಲಸ ಮಾಡುವುದಿಲ್ಲವಂತೆ, ಕುಡಿದದ್ದು ಹಾಗೇ ಕೂತು ಕೊಳೆಯುತ್ತದೆ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದೇ ಬದಿಗೆ ಇಡಿಸಿದರು, ಸೆಕೆಯಾದರೆ ಮರಿ ಆಚೆ ಸರಿಯಲಿ ಅಂತ. ಆಮೇಲೆ ಓಆರ್‌ಎಸ್ ಹನಿಗಳು. ಹಾಲಿನ ಸರದಿ ಬಂದದ್ದು ಅದೂ ಮುಗಿದ ಮೇಲೆ. ಅದೂ ಹಸುವಿನದಲ್ಲ, ನಾಯಿಮರಿಗಳಿಗೆಂದು ಬರುವ ಪುಡಿ.

ಪಶುವೈದ್ಯರಿಗೆ ಎಷ್ಟು ಹೇಳಿದರೂ ಸಾಲದು. ಅಂಗೈಗಿಂತ ಚಿಕ್ಕ ರೋಗಿಯನ್ನು ನೋಡಲು ಒಪ್ಪುವವರೇ ಕಡಿಮೆ. ಇವರು ಅದನ್ನು ಗ್ರಾಂ ಲೆಕ್ಕದಲ್ಲಿ ತೂಗಿ, ಆ್ಯಂಟಿಬಯಾಟಿಕ್ ಅನ್ನು ಹನಿ ಲೆಕ್ಕದಲ್ಲಿ ಬರೆದುಕೊಟ್ಟರು. ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿತ್ತು. "ಮಗುವಿನ ಹಾಗೆ ಅಂಗಾತ ಮಲಗಿಸಬೇಡಿ, ನಿಪ್ಪಲ್ ಬಾಟಲಿ ಬೇಡವೇ ಬೇಡ" ಅಂದರು. ಹೊಟ್ಟೆ ಕೆಳಗಾಗಿ ಹಿಡಿದು, 1 ಎಂಎಲ್ ಸಿರಿಂಜಿನಿಂದ ಒಂದೊಂದೇ ಹನಿ. ಮೂಗಿನಲ್ಲಿ ಗುಳ್ಳೆ ಕಂಡರೆ ಅಲ್ಲಿಗೇ ನಿಲ್ಲಿಸಿ, ತಲೆ ತಗ್ಗಿಸಿ, ಒರೆಸಬೇಕು. ಒಂದು ಹೊತ್ತಿನ ಊಟಕ್ಕೆ ಎಷ್ಟು ಹೊತ್ತು ಬೇಕಾಗುತ್ತಿತ್ತು ಎಂದು ನಮ್ಮ ಅಡುಗೆಮನೆಯನ್ನು ಕೇಳಬೇಕು.

ಉಸಿರು ಸುಧಾರಿಸಿದ ಮೇಲೆ ಹಿಂಗಾಲು ಎಳೆಯುವುದು ಎದ್ದು ಕಂಡಿತು. ನನಗೆ ಕೈಕಾಲು ಆಡಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆಗಳು ಮಸುಕು ಗೆರೆಗಳಂತಿದ್ದವು. ಬಿಸ್ಕತ್ತಿನಲ್ಲಿ ಹೊಟ್ಟೆ ತುಂಬುತ್ತದೆ, ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸಿಗುವುದಿಲ್ಲ. ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ದೇಹ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಇಲ್ಲಿಯೂ ಬೇಡಗಳ ಸರಮಾಲೆಯೇ: ಹತ್ತಲು ಬಿಡಬೇಡಿ, ಮೂಳೆ ಮುರಿದೀತು; ಸೂರ್ಯಕಾಂತಿ ಬೀಜ, ಕಡಲೆಕಾಯಿ ಕೊಡಬೇಡಿ, ಅವುಗಳಲ್ಲಿ ರಂಜಕ (ಫಾಸ್ಫರಸ್) ಹೆಚ್ಚು, ಅದು ಕ್ಯಾಲ್ಸಿಯಂ ದಕ್ಕಲು ಬಿಡುವುದಿಲ್ಲ; ಕಿಟಕಿಯ ಗಾಜಿನ ಹಿಂದೆ ಬಿಸಿಲಿಗಿಡಬೇಡಿ, ವಿಟಮಿನ್ ಡಿಗೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಹತ್ತುವುದಕ್ಕೆಂದೇ ಹುಟ್ಟಿದ ಪ್ರಾಣಿಯನ್ನು ತಗ್ಗು ಪೆಟ್ಟಿಗೆಯಲ್ಲಿ ಕೂಡಿಹಾಕುವುದು ಔಷಧಿ ಕುಡಿಸುವುದಕ್ಕಿಂತ ಕಷ್ಟವಾಯಿತು.

ಬೆಳಗಿನ ಎಳೆಬಿಸಿಲಿಗೆ ಜಾಲರಿ ಪೆಟ್ಟಿಗೆ ಇಟ್ಟು, ಬೆಕ್ಕು ಬಾರದಂತೆ ಪಕ್ಕದಲ್ಲೇ ಪೇಪರು ಓದುತ್ತಾ ಕಾವಲು ಕೂತವರು ನಮ್ಮ ಮಾವನವರು. "ಇಲಿಗೆಲ್ಲ ಇಷ್ಟು ಉಪಚಾರವೇ?" ಎಂದು ಮೊದಲ ದಿನ ಗೊಣಗಿದ್ದೂ ಅವರೇ. ನಾನು ಕೆಲಸಕ್ಕೆ ಹೋದಾಗ ಮಧ್ಯಾಹ್ನದ ಸರದಿ ಹೊತ್ತ ಪಕ್ಕದ ಮನೆಯ ಆಂಟಿಗೆ ಬೇರೆ ನಮಸ್ಕಾರ.

ಮುದ್ದು ಮಾಡಬೇಡಿ, ಹೆಸರಿಡಬೇಡಿ ಎಂದದ್ದೂ ಅಕ್ಕನೇ. ಮನುಷ್ಯರ ಕೈಗೆ ಅಂಜದ ಅಳಿಲು ಹೊರಗೆ ಹೆಚ್ಚು ದಿನ ಬಾಳುವುದಿಲ್ಲ. ನನ್ನ ಮಗಳು ಗುಟ್ಟಾಗಿ ಒಂದು ಹೆಸರಿಟ್ಟಿದ್ದಳು, ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಆದರೆ ಬಂದ ಗೆಳತಿಯರಿಗೆಲ್ಲ "ದೂರದಿಂದ ನೋಡಿ" ಎಂದು ಗದರಿಸಿ, ಫೋಟೊ ಕೂಡ ತೆಗೆಯಲು ಬಿಡದೆ ಕಾಯ್ದವಳು ಅವಳು. ಅವಳಿಗೂ ಥ್ಯಾಂಕ್ಸ್.

ಕಾಲು ಗಟ್ಟಿಯಾದ ಮೇಲೂ ಡಾಕ್ಟರು ಆತುರ ಬೇಡ ಅಂದರು. ಮತ್ತೊಂದು ಎಕ್ಸ್‌ರೇ ಆಯಿತು. ಎತ್ತರದ ಜಾಲರಿ ಗೂಡಿನಲ್ಲಿ ಕೊಂಬೆ ಕಟ್ಟಿ ಜಿಗಿತ ನೋಡಿದೆವು. ಕೊನೆಗೆ ಮರದಡಿ ಗೂಡಿಟ್ಟು, ಹೊರಗಿನ ಸದ್ದು ವಾಸನೆ ಒಗ್ಗಿದ ಮೇಲೆ ಬಾಗಿಲು ತೆಗೆದೆವು. ಆಮೇಲೂ ತಟ್ಟೆಯಲ್ಲಿ ಊಟ ಇಟ್ಟು, ದಿನದಿನಕ್ಕೆ ಕಡಿಮೆ ಮಾಡುತ್ತಾ ಬಂದೆವು.

ಗೂಡು, ಅಡುಗೆ ತಕ್ಕಡಿ, ಹಾಲಿನ ಪುಡಿಯ ಒಡೆಯದ ಡಬ್ಬಿ ಎಲ್ಲ ತೊಳೆದು ಒರೆಸಿ ಕೇಂದ್ರಕ್ಕೆ ಕೊಟ್ಟಿದ್ದೇನೆ. ಮುಂದಿನ ಮರಿಯನ್ನು ಸಾಕುವವರು ಅಲ್ಲಿ ಕೇಳಿ ಪಡೆಯಿರಿ. ಉಳಿದ ಔಷಧಿ ಮಾತ್ರ ಕೊಟ್ಟಿಲ್ಲ. ಅದರ ಪ್ರಮಾಣ ಆ ಮರಿಯ ತೂಕಕ್ಕೆ ಬರೆದದ್ದು, ನಿಮ್ಮ ಮರಿಗೆ ಎಷ್ಟು ಬೇಕೆಂದು ಡಾಕ್ಟರನ್ನೇ ಕೇಳಿ.