ಸಂವಿಧಾನ ಹೋಲಿಕೆ ಯೋಜನೆ: 9ನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ನವೆಂಬರ್ 26ರ ಸಂವಿಧಾನ ದಿನಾಚರಣೆಗಾಗಿ 9ನೇ ತರಗತಿಯ ಮಕ್ಕಳಿಗೆ ಸಮಾಜ ವಿಜ್ಞಾನದಲ್ಲಿ ಒಂದು ಯೋಜನಾ ಕಾರ್ಯ ಕೊಟ್ಟಿದ್ದೇವೆ. ಭಾರತ, ಅಮೆರಿಕ, ಜಪಾನ್, ಜರ್ಮನಿ, ಆಸ್ಟ್ರೇಲಿಯಾ, ಈ ಐದು ದೇಶಗಳ ಸಂವಿಧಾನಗಳನ್ನು ಹೋಲಿಸಬೇಕು. ಇಬ್ಬರಿಗೆ ಒಂದು ಚಾರ್ಟ್, ಜೊತೆಗೆ ನಾಲ್ಕು ಪುಟ ಮೀರದ ಬರಹ. ಮನೆಯಲ್ಲಿ ಮಕ್ಕಳು ತಮ್ಮನ್ನು ಕೇಳಿಯೇ ಕೇಳುತ್ತಾರೆ, ಅದಕ್ಕಾಗಿ ಈ ಪತ್ರ.

ಮೊದಲೇ ಒಂದು ವಿನಂತಿ. ‘ಯಾವ ದೇಶದಿಂದ ಏನನ್ನು ಎರವಲು ಪಡೆದೆವು’ ಎಂಬ ಪಟ್ಟಿ ಎಲ್ಲ ಗೈಡುಗಳಲ್ಲೂ ಸಿಗುತ್ತದೆ. ದಯವಿಟ್ಟು ಅದನ್ನು ಬರೆಸಬೇಡಿ. ಆ ಪಟ್ಟಿಯಲ್ಲಿ ಜಪಾನಿನ ಎದುರಿಗೆ ‘ಕಾನೂನು ಸ್ಥಾಪಿಸಿದ ಕಾರ್ಯವಿಧಾನ’ ಎಂದಿರುತ್ತದೆ, ಅಂದರೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ನಮ್ಮ 21ನೇ ವಿಧಿಯ ಮಾತು. ಆದರೆ ಅದು ಬಂದ ದಾರಿಯಲ್ಲಿ ಅಮೆರಿಕವೂ ಇದೆ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದರು. 1947ರ ಕೊನೆಯಲ್ಲಿ ಅವರು ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಅಮೆರಿಕದವರ ‘ಡ್ಯೂ ಪ್ರೊಸೆಸ್’ (ನ್ಯಾಯಯುತ ಕಾರ್ಯವಿಧಾನ) ಎಂಬ ಮಾತು, ಶಾಸನಸಭೆ ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕಲು ಅವಕಾಶ ಕೊಡುತ್ತದೆ ಎಂಬುದು ಫ್ರಾಂಕ್‌ಫರ್ಟರ್ ಅವರ ಆಕ್ಷೇಪ. ನಮ್ಮ ಕರಡಿನಲ್ಲಿದ್ದ ಆ ಮಾತು ಹೊರಬಿತ್ತು. ಬದಲಿಗೆ ಬಂದ ಮಾತಿಗೆ ಜಪಾನಿನ 31ನೇ ವಿಧಿ ಮಾದರಿಯಾಯಿತು. ಆ ಜಪಾನಿ ಸಂವಿಧಾನದ ಕರಡನ್ನಾದರೂ 1946ರಲ್ಲಿ ಬರೆದವರು ಟೋಕಿಯೊದಲ್ಲಿದ್ದ ಅಮೆರಿಕನ್ ಅಧಿಕಾರಿಗಳು! ಒಂದು ಸಾಲಿನ ‘ಎರವಲು’ ಇಷ್ಟೆಲ್ಲವನ್ನೂ ಮುಚ್ಚಿಬಿಡುತ್ತದೆ.

ಆದ್ದರಿಂದ ಮಕ್ಕಳು ಎಲ್ಲ ದೇಶಗಳಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಸಂವಿಧಾನವನ್ನು ತಿದ್ದಲು ಯಾರು ಯಾರು ಒಪ್ಪಬೇಕು, ಎಷ್ಟು ಜನ ಒಪ್ಪಬೇಕು? ಉತ್ತರ ಸಿಗುವ ಜಾಗಗಳು ಹೀಗಿವೆ: ಭಾರತಕ್ಕೆ 368ನೇ ವಿಧಿ, ಅಮೆರಿಕಕ್ಕೆ 5ನೇ ವಿಧಿ, ಜಪಾನಿಗೆ 96, ಜರ್ಮನಿಗೆ 79, ಆಸ್ಟ್ರೇಲಿಯಾಕ್ಕೆ 128ನೇ ಸೆಕ್ಷನ್.

ಹೆಚ್ಚಿನ ಮಕ್ಕಳು ಎಡವುವುದು ನಮ್ಮ 368ರಲ್ಲೇ. ‘ಮೂರನೇ ಎರಡರಷ್ಟು ಬಹುಮತ’ ಎಂದು ಬರೆದು ಮುಗಿಸುತ್ತಾರೆ. ನಿಜಕ್ಕೂ ಎರಡು ಲೆಕ್ಕಗಳನ್ನು ಒಟ್ಟಿಗೆ ದಾಟಬೇಕು: ಸದನದ ಒಟ್ಟು ಸದಸ್ಯಬಲದಲ್ಲಿ ಅರ್ಧಕ್ಕಿಂತ ಹೆಚ್ಚು, ಮತ್ತು ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು. ಲೋಕಸಭೆಯ ಬಲ 543, ಅರ್ಧ ದಾಟಲು 272 ಬೇಕು. 390 ಮಂದಿ ಮತ ಹಾಕಿ 265 ಮಂದಿ ‘ಹೌದು’ ಎಂದರೆ ಮೂರನೇ ಎರಡು (260) ದಾಟಿತು, 272 ದಾಟಲಿಲ್ಲ, ಮಸೂದೆ ಬಿತ್ತು. 450 ಮಂದಿ ಮತ ಹಾಕಿದರೆ 272 ಸಾಲದು, 300 ಬೇಕು. ಈ ಲೆಕ್ಕವನ್ನು ಮನೆಯಲ್ಲಿ ಒಮ್ಮೆ ಕಾಗದದ ಮೇಲೆ ಮಾಡಿಸಿ. ರಾಜ್ಯಸಭೆಯಲ್ಲೂ ಪ್ರತ್ಯೇಕವಾಗಿ ಹೀಗೆಯೇ ಗೆಲ್ಲಬೇಕು, ಜಂಟಿ ಅಧಿವೇಶನದ ದಾರಿ ಇಲ್ಲಿಲ್ಲ. ರಾಜ್ಯಗಳ ಅಧಿಕಾರಕ್ಕೆ ಕೈ ಹಾಕುವ ತಿದ್ದುಪಡಿಯಾದರೆ ಅರ್ಧದಷ್ಟಾದರೂ ವಿಧಾನಮಂಡಲಗಳು ಒಪ್ಪಬೇಕು. 2016ರ ಜಿಎಸ್‌ಟಿ ತಿದ್ದುಪಡಿ ಹೀಗೆ ಬಂದದ್ದು.

ಇನ್ನುಳಿದ ದೇಶಗಳು. ಅಮೆರಿಕದಲ್ಲಿ 50ರಲ್ಲಿ 38 ರಾಜ್ಯಗಳು ಒಪ್ಪಬೇಕು. 1789ರಲ್ಲಿ ಮಂಡಿಸಿದ ಒಂದು ತಿದ್ದುಪಡಿ 27ನೆಯದಾಗಿ ಜಾರಿಯಾದದ್ದು 1992ರಲ್ಲಿ. ಜಪಾನಿನದು 1947ರಿಂದ ಒಂದಕ್ಷರವೂ ಬದಲಾಗಿಲ್ಲ. ಆಸ್ಟ್ರೇಲಿಯಾದಲ್ಲಿ ಜನರೇ ಮತ ಹಾಕಬೇಕು. ಇಡೀ ದೇಶದಲ್ಲಿ ಬಹುಮತ ಬಂದರಷ್ಟೇ ಸಾಲದು, ಆರರಲ್ಲಿ ನಾಲ್ಕು ರಾಜ್ಯಗಳಲ್ಲೂ ಬರಬೇಕು. 1977ರಲ್ಲಿ ಒಂದು ಪ್ರಸ್ತಾವಕ್ಕೆ ಶೇ. 62 ಮತ ಬಿದ್ದರೂ ಮೂರೇ ರಾಜ್ಯ ಒಪ್ಪಿದ್ದರಿಂದ ಅದು ಸೋತಿತು. ಜರ್ಮನಿಯಲ್ಲಿ ಎರಡೂ ಸದನಗಳ ಮೂರನೇ ಎರಡರಷ್ಟು ಮತ ಸಾಕು, ಆದರೆ ಮಾನವ ಘನತೆಯಂಥ ಕೆಲವು ತತ್ವಗಳನ್ನು ಎಷ್ಟೇ ಬಹುಮತವಿದ್ದರೂ ಮುಟ್ಟುವಂತಿಲ್ಲ. ನಮ್ಮ ಸಂವಿಧಾನದಲ್ಲಿ ಹಾಗೆಂದು ಬರೆದಿಲ್ಲ. ಸಂವಿಧಾನದ ಮೂಲ ಸ್ವರೂಪವನ್ನು ತಿದ್ದುಪಡಿಯಿಂದ ಕೆಡಿಸುವಂತಿಲ್ಲ ಎಂಬ ಗೆರೆಯನ್ನು ಎಳೆದದ್ದು ಸುಪ್ರೀಂ ಕೋರ್ಟು: ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಪ್ರಕರಣದಲ್ಲಿ, 1973ರ ಏಪ್ರಿಲ್ 24ರಂದು, 13 ನ್ಯಾಯಮೂರ್ತಿಗಳಲ್ಲಿ 7 ಮಂದಿಯ ತೀರ್ಪಿನಿಂದ. ಈ ಎರಡರ ಹೋಲಿಕೆಗೆ ಒಂದು ಪೂರ್ತಿ ಪುಟ ಕೊಟ್ಟರೂ ನಮಗೆ ಸಂತೋಷವೇ.

ಚಾರ್ಟಿನಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳನ್ನೂ ಹೇಳಿಬಿಡುತ್ತೇವೆ. ‘ಅಮೆರಿಕಕ್ಕೆ 7 ವಿಧಿ, ನಮಗೆ 395’ ಎಂದು ಎದುರುಬದುರು ಬರೆಯುವುದು ಸರಿಯಲ್ಲ. ಅವರ ಮೊದಲ ನಾಲ್ಕು ವಿಧಿಗಳಲ್ಲಿ ಒಂದೊಂದೂ ಹಲವು ಸೆಕ್ಷನ್‌ಗಳ ಅಧ್ಯಾಯ. ಅದಕ್ಕೆ ಹೋಲುವುದು ನಮ್ಮ ‘ಭಾಗ’, ಮೂಲದಲ್ಲಿ ಅವು 22. ಇನ್ನು 395ರ ಲೆಕ್ಕ 1949ರದು. ಆಮೇಲೆ ಸೇರಿದವು 21ಎ, 51ಎ ಎಂದು ನಡುವೆ ಕೂತಿರುವುದರಿಂದ ಕೊನೆಯ ವಿಧಿಯ ಸಂಖ್ಯೆ ಇಂದಿಗೂ 395. ಪೀಠಿಕೆಯ ಚಿತ್ರ ಅಂಟಿಸುವವರು ಯಾವ ಕಾಲದ್ದೆಂದು ನೋಡಿಕೊಳ್ಳಲಿ: ‘ಸಮಾಜವಾದಿ’, ‘ಜಾತ್ಯತೀತ’ ಎಂಬ ಪದಗಳು ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ, ಮೂಲ ಪ್ರತಿಯ ಚಿತ್ರದಲ್ಲಿ ಅವಿರುವುದಿಲ್ಲ. ಎರಡೂ ಅಂಟಿಸಿ ಕೆಳಗೆ ಇಸವಿ ಬರೆದರೆ ಇನ್ನೂ ಒಳ್ಳೆಯದು. 3ನೇ ವಿಧಿಯಡಿ ಹೊಸ ರಾಜ್ಯ ರಚಿಸಲು ಸಾಮಾನ್ಯ ಬಹುಮತದ ಕಾನೂನು ಸಾಕು, ಅದನ್ನು 368ರ ಲೆಕ್ಕಕ್ಕೆ ಸೇರಿಸಬಾರದು.

ಚಾರ್ಟಿಗೆ ಥರ್ಮಾಕೋಲ್, ಮಿನುಗುಪುಡಿ ಬೇಡ. ಅಂಗಡಿಯಲ್ಲಿ ಮಾಡಿಸಿ ತಂದ ಪ್ರಿಂಟಿಗೆ ಅಂಕವಿಲ್ಲ. ಒಟ್ಟು 20 ಅಂಕ: ತಿದ್ದುಪಡಿ ಲೆಕ್ಕಕ್ಕೆ 8, ವಿಧಿಯ ಸಂಖ್ಯೆ ಸಮೇತ ಆಧಾರ ತೋರಿಸಿದ್ದಕ್ಕೆ 6, ಸ್ವಂತ ಮಾತಿನ ಬರಹಕ್ಕೆ 6. ಸಂವಿಧಾನದ ಕನ್ನಡ ಪ್ರತಿ ಶಾಲೆಯ ಗ್ರಂಥಾಲಯದಲ್ಲಿದೆ, ಊಟದ ಬಿಡುವಿನಲ್ಲಿ ಓದಬಹುದು, ಮನೆಗೆ ಕೊಡುವುದಿಲ್ಲ. ಕಚ್ಚಾ ಪ್ರತಿಯನ್ನು ನವೆಂಬರ್ 15ರೊಳಗೆ ಸಮಾಜ ವಿಜ್ಞಾನದ ಶಿಕ್ಷಕರಿಗೆ ತೋರಿಸಿ, ತಿದ್ದಿಸಿಕೊಂಡು, 24ರಂದು ಚಾರ್ಟನ್ನು ಸುರುಳಿ ಸುತ್ತಿ, ಹೊರಗಡೆ ಇಬ್ಬರ ಹೆಸರು ಬರೆದು ಕಳಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು